ಹನ್ನೊಂದನೇ ಕೋಣಿ

ಏಪ್ರಿಲ್ ಮುಗೀಲಿಕ್ಕೆ ಇನ್ನೂ ಆರು ದಿನ.
ಸೇಡಂ ರೋಡಿನ ಡಾಂಬರು ಚಪ್ಪಲಿಗಿ ಹತ್ತಲಕತ್ತದ.
ವಿಭಾಗದ ಕಪಾಟು ತೆಗದ್ರ
ಮ್ಯಾಲಿಂದ ಕೆಳತನಾ ಪದರಪದರಾಗಿ ಫೈಲು:
ಈ ವರ್ಷದ್ದು, ಹೋದ ವರ್ಷದ್ದು, ನ್ಯಾಕ್ ಕಮಿಟಿ ಬಂದ ವರ್ಷದ್ದು,
ಎಲ್ಲಕ್ಕಿಂತ ತಳದಾಗ
ನಾನು ನೌಕರಿಗಿ ಸೇರಿದ ದಿನದ ಅರ್ಜಿ,
ಹಳದಿ ಆಗ್ಯದ, ಒಂದು ಮೂಲಿ ಇಲಿ ಕಡದದ.
ಇಂಥಾ ಪದರಿನ ವಯಸ್ಸು ಹೇಳೂದೇ ನನ್ನ ಕೆಲಸ.

ಏಳು ಮಂದಿ ಇರಬೇಕಾದಲ್ಲಿ ಇಬ್ಬರೇ ಇದೀವಿ,
ನಾನು, ತಯ್ಯಬಾ ಮೇಡಂ.
ಉಳಿದ ಐದು ಕುರ್ಚಿ
ಭೀಮಶಾ ದಿನಾ ಒರಸ್ತಾನ,
ಯಾರರೆ ಈಗಷ್ಟೇ ಎದ್ದು ಹೋಗ್ಯಾರ ಅನ್ನೋಹಂಗ.
ಮುಂಜಾನಿ ಎರಡು ಕ್ಲಾಸು, ಆಮ್ಯಾಲ ಪ್ರಾಕ್ಟಿಕಲ್ಲು,
ಮಧ್ಯಾಹ್ನ ಉತ್ತರಪತ್ರಿಕೆಯ ಕಟ್ಟು,
ರೊಟ್ಟಿ ಬುತ್ತಿ ಬಿಚ್ಚೂದರಾಗ ಫೋನು:
ಮೇಡಂ, ಆ ಅಂಕಿಅಂಶ ಇವತ್ತೇ ಬೇಕಂತ್ರಿ.
ಯಾವುದಪಾ?
ಹೋದ ವಾರ ಕೊಟ್ಟಿದ್ದೇ ರೀ, ಹೊಸಾ ನಮೂನಿದಾಗ.

ಖರೇ ಹೇಳಬೇಕಂದ್ರ ಯಾರೂ ನನಗ ಹೊಡದು ದುಡಿಸಿಲ್ಲ.
ನನಗ ಈ ಕೆಲಸದ ಹುಚ್ಚು.
ಕಲ್ಲು ಕೈಯಾಗ ಹಿಡದು, ಇಲ್ಲಿ ಸಮುದ್ರ ಇತ್ತು ಅಂದಾಗ
ಹುಡುಗ್ರು ಕಿಡಕಿ ಹೊರಗ ನೋಡ್ತಿದ್ದರು,
ತೊಗರಿ ಹೊಲದ ಆಚಿ ನೀರು ಕಂಡಂಗ.
ಅದರ ಸಲುವಾಗಿ ರಾತ್ರಿ ಒಂದರತನಾ ಕೂತೀನಿ,
ಜ್ವರದಾಗೂ ಬಂದೀನಿ,
ತಂಗಿಯ ಅರಿಶಿಣದ ದಿನ ಮೂಲ್ಯಾಗ ಕೂತು ಅಂಕ ತುಂಬೀನಿ.
ಬಾವಿಗಿ ನೀರದ ಅಂತ ಗೊತ್ತಾದ್ರ
ಓಣಿದಾನ ಹಗ್ಗೆಲ್ಲ ಅಲ್ಲೇ ಬರ್ತಾವ.
ಕೊಡ ತಳಕ್ಕ ಬಡದಿದ್ದು ಬಾವಿಗಷ್ಟೇ ಕೇಳ್ತದ.

ಹೋದ ತಿಂಗಳು ಒಂದು ಸರ್ವೇ ಬಂದಿತ್ತು:
ನಿಮ್ಮ ಕೆಲಸದಾಗ ನೀವೆಷ್ಟು ತೊಡಗಿಕೊಂಡೀರಿ,
ಒಂದರಿಂದ ಐದರೊಳಗ ಗುರುತು ಹಾಕ್ರಿ.
ಐದು ಒತ್ತಿದೆ.
ಒತ್ತಿದ ಬೆರಳು ನಂದೇ ಅಂತ
ಯಾಕೋ ನಂಬಿಕಿ ಬರಲಿಲ್ಲ.

ಇವತ್ತು ಹನ್ನೊಂದನೇ ಕೋಣಿದಾಗ
ಕಲ್ಲಿನ ಮ್ಯಾಲ ಎರಡು ಹನಿ ಆಸಿಡ್ ಬಿಟ್ಟೆ.
ಬುಸ್ ಅಂತು, ನೊರಿ ಎದ್ದಿತು.
ಇದಕ್ಕ, ಅಂದೆ, ಇದಕ್ಕ...
ಹೆಸರು ಬರಲಿಲ್ಲ.
ಇಪ್ಪತ್ತೊಂದು ವರ್ಷ ಬೋರ್ಡಿನ ಮ್ಯಾಲ ಬರದ ಹೆಸರು.
ಫ್ಯಾನು ಗರಗರ ತಿರುಗಿತು.
ಹುಡುಗ್ರು ಬರಕೊಳ್ಳಲಿಕ್ಕೆ ಪೆನ್ನು ಎತ್ತಿ ಕೂತಿದ್ದರು.

ಹಿಂದಿನ ಬೆಂಚಿನ ಅಂಬವ್ವ ಅಂದಳು:
ಪರ್ಸಿ ರೀ ಮೇಡಂ. ನಮ್ಮಪ್ಪ ಶಹಾಬಾದದಾಗ ಖಣಿಗಿ ಹೋಗ್ತಾನ.
ಯಾರೂ ನಗಲಿಲ್ಲ.
ನಾನು ಕುರ್ಚಿ ಹುಡುಕಿ ಕೂತೆ.
ನೀರಿನ ಬಾಟಲಿ ತಂದು ಬಾಜೂಕ ನಿಂತು,
ನನ್ನ ಸಮಾಧಾನಕ್ಕೋ ತನ್ನ ಅಂಜಿಕಿಗೋ, ಅಕಿ ಮಾತಾಡ್ತಾ ಹೋದಳು:
ಲಾರಿಗಿ ಹೇರೂಕಿಂತ ಮೊದಲ
ಅಪ್ಪ ಒಂದೊಂದು ಪರ್ಸಿ ಸುತ್ತಿಗಿಲಿಂದ ಬಡದು ಕೇಳ್ತಾನ್ರಿ.
ಗಟ್ಟಿ ಇದ್ರ ಠಣ್ ಅಂತದ.
ಒಳಗ ಒಡದಿದ್ರ ಮ್ಯಾಲ ಏನೂ ಕಾಣಂಗಿಲ್ಲ,
ಸಪ್ಪಳ ಅಷ್ಟೇ, ದಬ್ ಅಂತದ.

ಅಂಥಾದ್ದನ್ನ ಏನು ಮಾಡ್ತಾನ?

ಬಾಜೂಕ ಇಡ್ತಾನ್ರಿ. ಅದರ ಮ್ಯಾಲ ಭಾರ ಹಾಕಂಗಿಲ್ಲ.

ಸಂಜಿ ಏಳಾಗ್ಯದ. ಹೊಸಾ ನಮೂನಿ ಅರ್ಧ ಉಳದದ.
ತಯ್ಯಬಾ ಹೋಗುಮುಂದ ಬಾಗಿಲದಾಗ ನಿಂತು
ನೀನೂ ನಡೀ ಅಂದಳು. ಅಕಿ ಕಣ್ಣೂ ಕೆಂಪಾಗಿದ್ದವು.
ಈಗ ಭೀಮಶಾ ಅರಿವಿ ಹಿಡದು ನಿಂತಾನ,
ಇದೊಂದು ಕುರ್ಚಿ ಒರಸೂದು ಉಳದದ್ರಿ ಮೇಡಂ.

ಗೆಣ್ಣು ಮಡಚಿ
ಮೇಜಿನ ಮ್ಯಾಲಿನ ಪರ್ಸಿಗಿ ಒಮ್ಮೆ ಬಡದೆ.
ಠಣ್ ಅಂತು.
ಆಮ್ಯಾಲ, ಅವ ಆಕಡಿ ತಿರುಗೂತನಾ ಕಾದು,
ಎದಿಗಿ.