ನೂಲು ಕಟ್ಟಿದ ಮರ

ಬೆಳಗ್ಗೆ ತಿಮರೆ ಚಟ್ನಿ, ಇವರ ಮರೆವಿಗೆ.
ಸಂಜೆ ನೆಕ್ಕಿಸೊಪ್ಪಿನ ಶಾಖ, ನನ್ನ ಮೊಣಕಾಲಿಗೆ.
ಅಮೃತಬಳ್ಳಿ ಸಕ್ಕರೆಗೆ,
ಗರುಗದ ಎಣ್ಣೆ, ಉಳಿದಿರುವ ಹಿಡಿ ಕೂದಲಿಗೆ.
ಡಾಕ್ಟರರ ಮಾತ್ರೆಗಳೂ ಉಂಟು
ವಾರದ ಹೆಸರು ಬರೆದ ಡಬ್ಬಿಯಲ್ಲಿ.
ಎರಡೂ ಪಕ್ಷದವರ ಮನಸ್ಸು ನೋಯಿಸದೆ ಬದುಕಿದ್ದೇವೆ
ಕುಲಶೇಖರದ ಈ ಗುಡ್ಡೆಬದಿಯಲ್ಲಿ.

ಆಟಿ ಅಮಾವಾಸ್ಯೆ ಮಾತ್ರ ಬೇರೆ.
ಅಂದು ಒಂದೇ ಮರದೊಳಗೆ ಸಾವಿರದೊಂದು ಮದ್ದು
ಬಂದು ಕೂತಿರುತ್ತದಂತೆ, ಸೂರ್ಯ ಏಳುವವರೆಗೆ.
ಹಿಂದಿನ ಸಂಜೆಯೇ ಹೋಗಿ ಕಾಂಡಕ್ಕೆ ನೂಲು ಕಟ್ಟಿ
"ನಾಳೆ ಬರ್ತೇನೆ, ಎಲ್ಲ ಒಟ್ಟು ಮಾಡಿಡು" ಅಂತ ಹೇಳಿ ಬರಬೇಕು.
ಕತ್ತಿ ತಾಗಿಸಬಾರದು.
ಬಿಳಿಕಲ್ಲಲ್ಲಿ ಜಜ್ಜಿ ತೊಗಟೆ ಎಬ್ಬಿಸಬೇಕು.
ಜೆಪ್ಪುವಿನ ಹಂಚಿನ ಕಾರ್ಖಾನೆ ಮುಚ್ಚುವವರೆಗೂ
ಮಣ್ಣಲ್ಲೇ ಇದ್ದವರು, ಓಣಿಗೆಲ್ಲ ತ್ಯಾಂಪಣ್ಣ, ನನಗೆ ಇವರು,
ವರ್ಷವೂ ಹತ್ತು ಮನೆಗೆ ಪಾಲೆ ಕಷಾಯ ಹಂಚುವವರು.

ಹೆಂಗಸರು ಹೋಗುವ ಕ್ರಮ ಇಲ್ಲ.
ಆದರೆ ಇವರ ಎಡಗಣ್ಣಿಗೆ ಪೊರೆ, ಬಲಗಣ್ಣಿಗೆ ಹಠ.
ಟಾರ್ಚು ಹಿಡಿದು ನಾನೂ ಹೊರಟೆ.
ರಾತ್ರಿಯಿಡೀ ಹೊಡೆದ ಮಳೆ ಆಗಷ್ಟೇ ಉಸಿರು ಬಿಟ್ಟಿತ್ತು.
ರೈಲುಹಳಿಯ ಆಚೆ, ಹೊಸ ಫ್ಲಾಟಿನ ಕಂಪೌಂಡಿಗೆ ತಾಗಿ
ಎರಡು ಮರ.
ಒಂದು ಪಾಲೆ.
ಇನ್ನೊಂದು ಕಾಸರಕ, ಅದರ ತೊಗಟೆ ಕುಡಿದ ಮನೆಯಲ್ಲಿ
ಮಧ್ಯಾಹ್ನದ ಗಂಜಿ ಬೇಯುವುದಿಲ್ಲ.

ನೂಲು ಇರಲಿಲ್ಲ.
ಈ ಮರಕ್ಕೂ ಇಲ್ಲ, ಆ ಮರಕ್ಕೂ ಇಲ್ಲ.
ಟಾರ್ಚು ಎರಡು ಸಲ ಮಿಣುಕಿ ನಂದಿತು.
"ಮಳೆಗೆ ಹೋಗಿರಬೇಕು" ಅಂದರು.
ಹಸಿ ಹಂಚಿನ ದಪ್ಪ ಬೆರಳಲ್ಲೇ ಹೇಳುತ್ತಿದ್ದ ಕೈ
ಕಾಂಡದ ಮೇಲೆ ತಡವರಿಸಿತು.
ಜಜ್ಜಿದರು. ಬಂದದ್ದು ಹಾಲೋ, ಮಳೆನೀರೋ.
ನನ್ನ ಬೆರಳಿಗೆ ಒರಸಿದರು.
ಬೀಡಿ ಸುತ್ತಿ ಸುತ್ತಿ ಜೋಮು ಹಿಡಿದ ತುದಿಗಳು
ಅಂಟೂ ನೀರೂ ಒಂದೇ ಅಂದವು.
ನೆಲ ತಡಕಿದೆ. ಏಳೆಲೆಯ ಒಂದು ಗೊಂಚಲು ಸಿಕ್ಕಿತು,
ಆದರೆ ಆ ಗಾಳಿಗೆ
ಯಾರ ಎಲೆ ಯಾರ ಬುಡಕ್ಕೆ ಬಿತ್ತೋ.

ಬೇಡ ಅನ್ನುವ ಮೊದಲೇ
ಒಂದು ಚೂರು ಬಾಯಿಗೆ ಹಾಕಿಕೊಂಡರು.
"ಕಹಿ" ಅಂದರು, ಗೆದ್ದವರಂತೆ.
"ಎರಡೂ ಕಹಿಯೇ ಅಲ್ವಾ ಮಾರಾಯ್ರೆ!"

ಕೂತೆವು, ಒದ್ದೆ ಕಲ್ಲಿನ ಮೇಲೆ.
ಒಂದು ಗೂಡ್ಸು ಗಾಡಿ ಹೋಯಿತು, ಡಬ್ಬಿ ಎಣಿಸಿದೆ, ನಲವತ್ತೊಂದು.
"ಕಾಲು ಸೆಟೆಯುತ್ತಾ ಉಂಟಾ?"
"ಅದು ದಿನಾ ಸೆಟೆಯುತ್ತದೆ."
"ಎದೆ?"
"ಉಂಟು."
ಆ ಹೊತ್ತಿನಲ್ಲಿ ನಾವು ಅಷ್ಟು ನಗಬಾರದಿತ್ತು.
ನೀವು ಹೋದರೆ ನೆಕ್ಕಿ ಬಿಸಿ ಮಾಡುವವರು ಯಾರು ಎಂದು ಕೇಳಲಿಕ್ಕಿತ್ತು.
ಕೇಳಿದ್ದು, "ಗ್ಯಾಸಿನ ಪುಸ್ತಕ ಎಲ್ಲಿಟ್ಟಿದ್ದೀರಿ?"

ಬೆಳಕು ಮೊದಲು ಫ್ಲಾಟಿನ ನೀರಿನ ಟ್ಯಾಂಕಿಗೆ ಬಂತು,
ಆಮೇಲೆ ಎಲೆಗಳಿಗೆ.
ತಲೆ ಎತ್ತಿದರೆ ಮೇಲೆಲ್ಲ ಏಳೇಳು, ಏಳೇಳು. ಪಾಲೆಯೇ.
ತಲೆ ತಗ್ಗಿಸಿದರೆ
ಇವರ ಎಡಗೈ ಮಣಿಕಟ್ಟಿನಲ್ಲಿ ನೂಲು,
ಎರಡು ಸುತ್ತು, ಹಲ್ಲಲ್ಲಿ ಎಳೆದ ಗಂಟು.
ನಿನ್ನೆ ಸಂಜೆ ಮರದ ಬದಲು
ತನಗೇ ಹೇಳಿ ಬಂದಿದ್ದರು:
ನಾಳೆ ಬರ್ತೇನೆ, ಎಲ್ಲ ಒಟ್ಟು ಮಾಡಿಡು.

ಯಾರಿಗೂ ಹೇಳಲಿಲ್ಲ, ಇವರಿಗೂ.
ಓಮ, ಬೆಳ್ಳುಳ್ಳಿ, ಒಳ್ಳೆಮೆಣಸು ಅರೆದು ಸೇರಿಸಿ
ಕೆಂಡದಂತೆ ಕಾದ ಬಿಳಿಕಲ್ಲು ಅದ್ದಿದಾಗ
ಚುಂಯ್ ಅಂದ ಕಷಾಯಕ್ಕೆ
ಸಿಸಿಲಿಯಾ ಬಾಯಿ ಚೊಂಬು ತಂದರು,
ಹಮ್ಮಬ್ಬರ ಮೊಮ್ಮಗ ಸೋಡಾ ಬಾಟಲಿ.
"ಈ ಸಲ ಕಹಿ ಜಾಸ್ತಿ" ಅಂದರು ಬಾಯಿ, ಮುಖ ಕಿವುಚಿ.
ಮೆಂತೆಗಂಜಿ ಮುಂದಿಟ್ಟೆ.

ಸಂಜೆ ನೆಕ್ಕಿಸೊಪ್ಪು ಬಾಡಿಸಿ, ಬಟ್ಟೆಯಲ್ಲಿ ಸುತ್ತಿ
ನನ್ನ ಮೊಣಕಾಲಿಗೆ ಒತ್ತಿ ಹಿಡಿದರು.
ಕಟ್ಟಲು ದಾರ ಹುಡುಕಿದರು,
ಕಪಾಟು, ಕಿಟಕಿ, ಹಳೆಯ ಬೀಡಿಯ ಮೊರ.
ಇವರ ಎಡಗೈ ಎಳೆದುಕೊಂಡು
ನಾನು ಗಂಟು ಬಿಚ್ಚಿದೆ.