ಏಣಿ ಹಿಡಿದವನು

ಎರಡು ಅಂಗಿ ಇದ್ದವು. ಒಂದನ್ನು ಆಗಸ್ಟಿನಲ್ಲೇ ಅಡವಿಟ್ಟೆ.
ಇನ್ನೊಂದರ ಬೆನ್ನು ಹರಿದಿದೆ,
ಅದಕ್ಕೇ ಎಂಥ ಸೆಕೆಯಲ್ಲೂ ಕೋಟು ಬಿಚ್ಚುವುದಿಲ್ಲ.
ಮನೆತನದ ಗಾಂಭೀರ್ಯ ಅಂದುಕೊಂಡಿದೆ ಮ್ಯಾಡ್ರಿಡ್.

ಅರವತ್ತೆಂಟರ ಸೆಪ್ಟೆಂಬರ್ ಮುಗಿಯುತ್ತಿತ್ತು.
ದಕ್ಷಿಣದ ಸೇತುವೆಯ ಬಳಿ ರಾಣಿಯ ಸೈನ್ಯ ಸೋತಿತಂತೆ,
ರಾಣಿ ಫ್ರಾನ್ಸಿನ ರೈಲು ಹತ್ತುವಳಂತೆ.
ಅಂತೆಕಂತೆಗಳ ಮೇಲೆ ಕಾಲಿಡುತ್ತ
ಐದು ಮಹಡಿ ಇಳಿದೆ.
ಮನೆಯೊಡತಿ ಬ್ರೀಹಿದಾ ಅಂದು ಬಾಡಿಗೆ ಕೇಳಲಿಲ್ಲ;
ಬಾಲ್ಕನಿಗೆ ತನ್ನ ಕೆಂಪು ಒಳಲಂಗ ಕಟ್ಟುತ್ತಿದ್ದಳು,
ಬಾವುಟವೆಂದು.

ಬೀದಿಯಲ್ಲಿ ಕಿರೀಟಗಳು ಉದುರುತ್ತಿದ್ದವು.
ಔಷಧಿಯಂಗಡಿಯದು, ಮಿಠಾಯಿಯವನದು,
'ಅರಮನೆಗೆ ಸರಬರಾಜುದಾರರು' ಎಂಬ
ಹಲಗೆಗಳ ನೆತ್ತಿಯಿಂದ
ತಗಡಿನವು, ಮರದವು, ಗಿಲೀಟಿನವು.

"ಏ ತಾತ, ಸುಮ್ಮನೆ ನಿಂತಿದ್ದೀಯಲ್ಲ, ಈ ಏಣಿ ಹಿಡಿ!"

ಹಿಡಿದೆ.
ಹದಿನಾಲ್ಕು ತಲೆಮಾರು ನನ್ನವರು
ಲಗಾಮು, ಕತ್ತಿ, ಜಪಮಾಲೆ, ಇಸ್ಪೀಟೆಲೆ ಬಿಟ್ಟು
ಬೇರೇನೂ ಹಿಡಿದವರಲ್ಲ.
ಹತ್ತಿದವನು ಕಮ್ಮಾರರ ಹುಡುಗ.
ಅವನ ಬರಿಗಾಲು ನನ್ನ ಹಣೆಯ ಮಟ್ಟಕ್ಕೆ,
ಒಡೆದ ಹಿಮ್ಮಡಿಯೊಳಗೆ ಇದ್ದಿಲು.
ತಲೆ ಎತ್ತಿದಾಗಷ್ಟೇ ಹಲಗೆ ಓದಿದೆ:
ಕೈಗವಸಿನ ತಿಬುರ್ಸಿಯೊ!
ಹದಿನೇಳು ಜೊತೆಯ ಬಾಕಿ, ಏಳು ವರ್ಷದ್ದು.

ಕಿರೀಟ ನನ್ನ ಬೂಟಿನ ಪಕ್ಕ ಬಂದು ಬಿತ್ತು, ಬೋರಲಾಗಿ.
ಒಳಗೆ ಬಡಗಿಯ ಸೀಸದಕಡ್ಡಿಯ ಗೀಚು:
'ಹದಿನಾಲ್ಕು ರಿಯಾಲ್. ಇನ್ನೂ ಕೊಟ್ಟಿಲ್ಲ.'

ಪಾಪ, ಅದೂ ಸಾಲದಲ್ಲೇ ಇತ್ತು.

ತಿಬುರ್ಸಿಯೊ ಹೊರಬಂದ, ಬೆವರುತ್ತ, ಎಲ್ಲರಿಗೂ ಜೈ ಅನ್ನುತ್ತ.
ನನ್ನ ಕಂಡು ದನಿ ತಗ್ಗಿಸಿದ: "ದೊನ್ ಫುಲ್ಹೆನ್ಸಿಯೊ!"
ಕೇಳಿಯೇಬಿಟ್ಟೆ: "ಹಳೆಯದೆಲ್ಲ ಹೋಯಿತಲ್ಲ, ಹಾಗಾದರೆ ನಮ್ಮ ಲೆಕ್ಕ?"
"ಬಿದ್ದದ್ದು ಕಿರೀಟ, ದಣಿ,
ಖಾತೆ ಪುಸ್ತಕ ಬಿದ್ದಿಲ್ಲ."

ಹುಡುಗ ಇಳಿದ. ರೊಟ್ಟಿ ಮುರಿದು ಅರ್ಧ ಕೊಟ್ಟ,
ಮೇಲೊಂದು ಉಪ್ಪುಮೀನು: "ತಗೋ, ನಿನ್ನ ಕೂಲಿ."
ದಾನವಾಗಿದ್ದರೆ ಬೇಡವೆನ್ನುತ್ತಿದ್ದೆ,
ಆ ಮಾತು ನಮಗೆ ಬಾಯಿಪಾಠ.
ಕೂಲಿಗೆ ಏನನ್ನಬೇಕೆಂದು
ಯಾರೂ ಕಲಿಸಿರಲಿಲ್ಲ. ತಿಂದೆ,
ಮುಳ್ಳನ್ನೂ ಬಿಡದೆ.
ಆಮೇಲೆ ಕೋಟು ಬಿಚ್ಚಿದೆ. ಬೆನ್ನಿಗೆ ಗಾಳಿ ತಾಗಿತು.
ಯಾರೂ ನೋಡಲಿಲ್ಲ, ಅದೇ ಸ್ವಲ್ಪ ನೋವಾಯಿತು.

ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದರು.
ಬಾಡಿಗೆಯೆಂದು ಉಸಿರು ಬಿಗಿಹಿಡಿದೆ.
"ಲಂಗ ಇಳಿಸಬೇಕು, ನಾಳೆ ಉಡಲು ಬೇರೆಯಿಲ್ಲ,"
ಅಂದಳು ಬ್ರೀಹಿದಾ, "ಸ್ಟೂಲು ಅಲ್ಲಾಡುತ್ತೆ."

ಬಂದೆ, ಅಂದೆ.
ಹಿಡಿಯಲು ಬರುತ್ತದೆ ನನಗೆ.