ಒಂದೇ ಬಾವುಟ

ವಾರವೆಲ್ಲ ನಾನು ಬೆಂಡಿಗೋ ಪೇಟೆಯ ಜವಳಿ ಅಂಗಡಿಯಲ್ಲಿ
ಗಜದ ಕೋಲು ಹಿಡಿದವನು.
ಶನಿವಾರ ಮಧ್ಯಾಹ್ನ ಯಜಮಾನರ ಕಾಲು ಹಿಡಿದು ರಜೆ ಪಡೆದು
ಬಿಳಿ ಕೋಟು ತೊಟ್ಟು
ನೀಲಗಿರಿ ಮರದ ಎರಡು ಕಂಬಗಳ ನಡುವೆ ನಿಲ್ಲುತ್ತಿದ್ದೆ.
ಗೋಲಾದರೆ ಎರಡು ಬಾವುಟ.
ಕೂದಲೆಳೆ ತಪ್ಪಿದರೆ ಒಂದು.
ಮಾತಿಲ್ಲ. ಆ ಕೆಲಸದಲ್ಲಿ ಮಾತಾಡಿದವನು ಕೆಟ್ಟ.

ಹಾಗಾಗಿ ಜೇಬೆಜ್ ಟ್ರೆವೀನನ ಬೆನ್ನು ಕಂಡದ್ದು ಕಡಿಮೆ,
ಹನ್ನೊಂದು ವರ್ಷ ಅವನು ಬರುವುದನ್ನೇ ಕಂಡೆ.
ಬೆಳಗಿನ ಪಾಳಿ ಮುಗಿಸಿ ಗಣಿಯ ಬಾಯಿಂದ ನೇರ ಮೈದಾನಕ್ಕೆ,
ಕಿವಿಯ ಹಿಂದೆ ಇನ್ನೂ ಬಿಳಿಗಲ್ಲಿನ ಹಿಟ್ಟು.
ಗುಡ್ಡದಾಚೆ ಅದಿರು ಕುಟ್ಟುವ ಉಕ್ಕಿನ ಒನಕೆಗಳು;
ಅವಕ್ಕೆ ಹೆಜ್ಜೆ ಕೂಡಿಸಿ ಓಡುತ್ತಿದ್ದ.
ಸೋರೆಬುರುಡೆಯಂಥ ಚೆಂಡು, ಮಳೆಯಲ್ಲಿ ನೆಂದರೆ ಎಳೆಗರುವಿನ ಭಾರ,
ಅದನ್ನು ಮೂವರ ಹೆಗಲ ಮೇಲೇರಿ ಕಿತ್ತು
ಇಳಿಯುವುದು ಮರೆತವನಂತೆ ಒಂದು ಗಳಿಗೆ ಅಲ್ಲೇ.
ಹೆಂಗಸರು ಛತ್ರಿ ಮಡಿಸಿ ನೋಡುತ್ತಿದ್ದರು.

ಒಮ್ಮೆ ಮೆಲ್ಬರ್ನಿನವರು ಕರೆದರು:
ರೈಲಿನ ದುಡ್ಡು, ಹೊಸ ಬೂಟು, ಬಿಯರ್ ಕಾರ್ಖಾನೆಯಲ್ಲಿ ಹಗುರ ಕೆಲಸ.
ಅವನಮ್ಮ ಮೆಥಡಿಸ್ಟ್ ಚಾಪೆಲ್ಲಿನ ಮುಂದಿನ ಬೆಂಚಿನವಳು,
ಹೆಂಡದ ರೊಟ್ಟಿ ಬೇಡವೆಂದಳು.
ಆರು ಆಟ ಆಡಿ ಹಿಂದಿರುಗಿದ.
ಬೂಟನ್ನೂ ಬಿಚ್ಚಿಟ್ಟು ಬಂದನಂತೆ.

ಇನ್ನು ಆ ಸೆಪ್ಟೆಂಬರಿನ ಮಾತು.
ನಮ್ಮ ಕೊರಕಲಿನವರದು ನಾಲ್ಕು ಗೋಲು, ಅವರದು ಐದು.
ಗಂಟೆಯ ಹಗ್ಗಕ್ಕೆ ಆಗಲೇ ಕೈ ಹಾಕಿದ್ದಾರೆ. ಜೇಬೆಜ್ ಒದ್ದ.
ಚೆಂಡು ಬಂತು, ಎಡಗಂಬದ ಮಗ್ಗುಲಿಗೆ, ತಲೆಗಿಂತ ಮೇಲೆ.
ಒಂದು ಸದ್ದು ಕೇಳಿದೆ.
ಕಂಬದ್ದೋ, ಗುಡ್ಡದಾಚೆಯ ಒನಕೆಯದೋ.
ಒಂದೇ ಬಾವುಟ ಎತ್ತಿದೆ.

ಆಗೆಲ್ಲ ತಪ್ಪಿದ್ದಕ್ಕೆ ಅಂಕವಿರಲಿಲ್ಲ, ಬರೆದಿಡುತ್ತಿದ್ದರು ಅಷ್ಟೆ.
ಮರುವರ್ಷ ನಿಯಮ ಬದಲಾಯಿತು: ಗೋಲಿಗೆ ಆರು, ತಪ್ಪಿದ್ದಕ್ಕೆ ಒಂದು.
ರಾತ್ರಿ ಅಂಗಡಿಯ ಬಿಲ್ಲಿನ ಬೆನ್ನಿಗೆ ಕೂಡಿಸಿದೆ:
ನಾಲ್ಕಾರ್ಲ ಇಪ್ಪತ್ತನಾಲ್ಕು, ಮೇಲೆ ಹದಿಮೂರು, ಮೂವತ್ತೇಳು.
ಅವರದು ಐದಾರ್ಲ ಮೂವತ್ತು, ಮೇಲೆ ಐದು.
ಗೆದ್ದಿದ್ದೆವು, ಎರಡಂಕದಿಂದ, ಒಂದು ವರ್ಷ ತಡವಾಗಿ.
ಬಿಲ್ಲನ್ನು ಒಲೆಗೆ ಹಾಕಿದೆ.

ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.
ಮೊದಲು ಮೊಣಕಾಲು ಹೋಯಿತು, ಆಮೇಲೆ ಉಸಿರು;
ಕಿವಿಯ ಹಿಂದಿನ ಹಿಟ್ಟು ಎದೆಗಿಳಿದಿತ್ತು.
ಮೊನ್ನೆ ಬಂದ, ಎದೆಗೆ ಸುತ್ತಲು ಮೂರು ಗಜ ಫ್ಲಾನೆಲ್ ಬೇಕೆಂದ.
ಅಳೆದೆ. ಕತ್ತರಿ ಇಡುವಾಗ
ಕೈ ಒಂದು ಗೇಣು ಮುಂದೆ ಸರಿಯಿತು.
"ಹೆಚ್ಚಾಯ್ತಲ್ಲ?"
"ಒಗೆದರೆ ಕುಗ್ಗುತ್ತೆ," ಅಂದೆ.
ನಕ್ಕ. ನಗು ಕೆಮ್ಮಾಯಿತು, ಕೆಮ್ಮು ಮುಗಿಯಲು ಬಹಳ ಹೊತ್ತಾಯಿತು.
ಆಮೇಲೆ ನನ್ನ ಗಜದ ಕೋಲನ್ನು ಬೆರಳಿಂದ ಟಕ್ ಎಂದು ತಟ್ಟಿ
"ಕಂಬವೇ," ಅಂದ. "ನನಗೂ ಕೇಳಿಸಿತ್ತು."

ಅವನು ಒದ್ದದ್ದು ಐವತ್ತು ಗಜ ದೂರದಿಂದ.
ಅಷ್ಟು ದೂರ ಕೇಳುವ ಸದ್ದಲ್ಲ ಅದು.

ಬಟ್ಟೆ ಮಡಿಸಿ ಕಾಗದ ಸುತ್ತಿದೆ.
ಮೂರು ಗಜದ ದುಡ್ಡು ಎಣಿಸಿಟ್ಟ,
ಮೇಲೆ ಒಂದು ಗೇಣಿನದೂ.